ಬಿಸಿಲ ನೀರು, ಬಚ್ಚಲ ಹೊಗೆ

ನಮ್ಮ ಕಡೆಯ ಗಂಡಸರಿಗೆ ಬಿಸಿಲು ಇರುವುದೇ ಬೈಯುವುದಕ್ಕೆ. ಶಿವರಾತ್ರಿ ಕಳೆದದ್ದೇ ತಡ, ದಬ್ಬೇಘಟ್ಟದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಟೀ ಕುಡಿಯುತ್ತ ನಿಂತವರೆಲ್ಲ ತಲೆಗೆ ಟವೆಲು ಹಾಕಿಕೊಂಡು, "ಏನ್ ಬಿಸ್ಲಪ್ಪಾ, ಮಿದುಳೇ ಕುದ್ದೋಯ್ತು" ಎನ್ನುತ್ತಾರೆ. ಕುದಿಯಬೇಕಾದರೆ ಅದು ಮೊದಲು ಇರಬೇಕಲ್ಲ ಎಂದು ನನ್ನ ಬಾಯಿ ತುದಿಗೆ ಬರುತ್ತದೆ. ಬಸ್ಸಿಗೆ ಕಾಯುವ ಹೆಂಗಸು ಅಂಥದ್ದೆಲ್ಲ ಆಡಬಾರದು, ನುಂಗಿಕೊಳ್ಳುತ್ತೇನೆ. ಅದೇ ಗಂಡಸು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ "ನೀರು ಕಾದೈತೇನೇ?" ಎಂದು ಕೂಗುತ್ತಾನೆ. ಆಗಷ್ಟೇ ತನ್ನ ತಲೆಯನ್ನು ಸುಟ್ಟ ಬಿಸಿಗೂ ಬಚ್ಚಲಲ್ಲಿ ತನಗೆ ಬೇಕಾದ ಬಿಸಿಗೂ ಏನಾದರೂ ನಂಟು ಇರಬಹುದು ಎಂದು ಅವನಿಗೆ ಒಂದು ದಿನವೂ ಹೊಳೆದಿಲ್ಲ. ಹೊಳೆಯುವ ಅಗತ್ಯವೂ ಇಲ್ಲ, ಏಕೆಂದರೆ ಒಲೆಯ ಮುಂದೆ ಕೂರುವವನು ಅವನಲ್ಲ.

ನಮ್ಮ ಮನೆಯಲ್ಲಿ ಕೂರುತ್ತಿದ್ದವರು ಅತ್ತೆ. ನಾನು ಮದುವೆಯಾಗಿ ಬಂದಾಗಲೂ ಅವರೇ, ನನ್ನ ಮಕ್ಕಳ ಮದುವೆ ಮುಗಿದ ಮೇಲೂ ಅವರೇ. ಬೆಳಗಿನ ಜಾವ ಎದ್ದು ಬಚ್ಚಲಿಗೆ ಹೋಗಿ, ಮಣ್ಣಿನಲ್ಲಿ ಹೂತ ತಾಮ್ರದ ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕಿ, ಮೇಲೆ ಒಣ ಸೋಗೆ ಇಟ್ಟು, ಬಾಗಿ ಊದುವುದು. ಒಣಗಿದ ಮಟ್ಟೆಯಾದರೆ ಸರಿ. ಮಳೆಯಲ್ಲಿ ನೆನೆದದ್ದಾದರೆ ಬೆಂಕಿಗಿಂತ ಹೊಗೆಯೇ ಜಾಸ್ತಿ. ಹೊಗೆ ಅತ್ತೆಯ ಮುಖಕ್ಕೆ ಬಡಿದು, ಗೋಡೆ ಹಿಡಿದು, ಮೇಲಿನ ಅಟ್ಟಕ್ಕೆ ಏರುತ್ತಿತ್ತು. ನಮ್ಮ ಬಚ್ಚಲು ಮತ್ತು ಅಡುಗೆಮನೆಯ ಮೇಲೆ ಉದ್ದಕ್ಕೂ ಅಟ್ಟ. ಅಲ್ಲಿ ಕಾಯಿ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ. ಎತ್ತಿ ಅಲ್ಲಾಡಿಸಿದರೆ ಒಳಗಿನ ಒಣ ಕೊಬ್ಬರಿಯ ಉಂಡೆ, ಅಂದರೆ ಗಿಟುಕ, ಗಡಗಡ ಅನ್ನಬೇಕು, ಆಗ ತಿಪಟೂರಿನ ಮಾರುಕಟ್ಟೆಗೆ ತಯಾರಾಯಿತೆಂದು ಲೆಕ್ಕ.

ನನ್ನ ತವರು ಹುಳಿಯಾರಿನ ಆಚೆ, ಬೋರನಕಣಿವೆಯ ಕಡೆಯ ಬಯಲು. ಅಲ್ಲಿ ತೆಂಗೂ ಕಡಿಮೆ, ಸೌದೆಯೂ ಕಡಿಮೆ. ನಮ್ಮವ್ವ ಹೊಲಕ್ಕೆ ಹೋಗುವ ಮುಂಚೆ ಹಿತ್ತಾಳೆ ಬಿಂದಿಗೆಗಳಿಗೆ ನೀರು ತುಂಬಿ ಅಂಗಳದ ಬಿಸಿಲಿಗೆ ಇಟ್ಟು ಹೋಗುತ್ತಿದ್ದಳು. ಪಕ್ಕದ ಹಟ್ಟಿಯ ಕುರಿ ಕಾಯುವವರ ಹೆಂಗಸರೂ ಹಾಗೇ ಮಾಡುತ್ತಿದ್ದರು. ಸಂಜೆಗೆ ಆ ನೀರು ಹದವಾಗಿರುತ್ತಿತ್ತು, ನಾವು ಮಕ್ಕಳೆಲ್ಲ ಅದರಲ್ಲೇ ಮಿಂದು ಬೆಳೆದವರು. ಇದನ್ನು ನಾನು ಗಂಡನ ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಮೂಗು ಮುರಿದರು. "ಸೌದೆಗೆ ಗತಿ ಇಲ್ದೋರು ಮಾಡೋದು ಅದು. ನಮಗೇನು ಮಟ್ಟೆಗೆ ಬರವಾ?" ಎಂದರು. ಬರವಿಲ್ಲ, ನಿಜ. ಹಿತ್ತಲಲ್ಲಿ ಮಟ್ಟೆಯ ಗುಡ್ಡೆ ಮನೆಗಿಂತ ಎತ್ತರವಿತ್ತು. ಪುಕ್ಕಟೆ ಸಿಗುವುದನ್ನು ಉರಿಸದೆ ಇರುವುದು ಈ ತೆಂಗಿನ ಸೀಮೆಯಲ್ಲಿ ಒಂದು ಪಾಪ. ಉರಿಸುವವಳ ಎದೆಗೂಡು ಕೂಡ ಪುಕ್ಕಟೆ ಎಂದೇ ಇವರ ತಿಳುವಳಿಕೆ.

ಅತ್ತೆಗೆ ಕೆಮ್ಮು ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ಮನೆಯ ಸದ್ದುಗಳಲ್ಲಿ ಅದೂ ಒಂದಾಗಿತ್ತು. ಆಮೇಲಾಮೇಲೆ ಉಸಿರೂ ಕಟ್ಟತೊಡಗಿತು. ನಡೆದರೆ ಮಾತಿಲ್ಲ, ಮಾತಾಡಬೇಕಾದರೆ ನಡಿಗೆ ನಿಲ್ಲಿಸಬೇಕು. ಹಿತ್ತಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದರು. ಹಾಗೆ ನಿಂತಾಗ ಅವರ ಕತ್ತಿನ ಕೆಳಗಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಅತ್ತೆ ನನ್ನನ್ನು ಮುದ್ದು ಮಾಡಿದವರಲ್ಲ. ಹೊಸದರಲ್ಲಿ ನನ್ನ ಸಾರಿನಿಂದ ಹಿಡಿದು ಸೆರಗಿನವರೆಗೆ ಎಲ್ಲಕ್ಕೂ ಕೊಂಕು ತೆಗೆದವರು. ಆದರೂ ಅದೇ ಬಾಯಿ ಒಂದು ಮಾತು ಪೂರ್ತಿ ಆಡಲಾರದೆ ಅರ್ಧಕ್ಕೆ ನಿಂತಾಗ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು.

ತಿಪಟೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಬಚ್ಚಲ ಒಲೆಯ ವಿಷಯ ವಿಚಾರಿಸಿ, "ಔಷಧಿ ಆಮೇಲೆ. ಮೊದಲು ಆ ಹೊಗೆ ನಿಲ್ಲಿಸಿ. ಅದು ನಿಲ್ಲದಿದ್ದರೆ ನಾನು ಏನು ಕೊಟ್ಟರೂ ಪ್ರಯೋಜನವಿಲ್ಲ. ಮುಂದೊಂದು ದಿನ ಉಸಿರು ಸಿಗುವುದೇ ಇಲ್ಲ" ಎಂದು ಬಿಡಿಸಿ ಹೇಳಿದರು. ಇದಕ್ಕಿಂತ ಸಲೀಸಾಗಿ ಹೇಳುವುದು ಹೇಗೆ?

ಆದರೆ ನಮ್ಮ ಮನೆಯಲ್ಲಿ ಸಲೀಸಾದದ್ದು ಅರ್ಥವಾಗುವುದಿಲ್ಲ. ಬಂದ ಮೇಲೆ ನಮ್ಮ ಯಜಮಾನರೂ ಅವರ ಅಣ್ಣನೂ ಜಗಲಿಯಲ್ಲಿ ಕೂತು ಚರ್ಚೆ ಮಾಡಿದರು. ಓರಗಿತ್ತಿ ತೀರಿಕೊಂಡ ಮೇಲೆ ಭಾವನವರ ಊಟ, ಸ್ನಾನ, ತೀರ್ಮಾನ ಎಲ್ಲ ನಮ್ಮ ಮನೆಯಲ್ಲೇ. ಪಂಚಾಂಗ ನೋಡಲು ಬರುತ್ತದೆ, ಆದ್ದರಿಂದ ಮಿಕ್ಕಿದ್ದೆಲ್ಲವೂ ಬರುತ್ತದೆ ಎಂದು ಅವರ ಭಾವನೆ.

"ವಸಿ ದೂರ ಕೂತ್ಕೊಂಡ್ರೆ ಆಯ್ತು ಬುಡು," ಎಂದರು ನಮ್ಮ ಯಜಮಾನರು. "ಮುಖಕ್ಕೆ ಒಂದು ಟವೆಲ್ ಕಟ್ಕೊಂಡ್ರೆ ಹೊಗೆ ಏನ್ ಮಾಡ್ತದೆ?"

ದೂರ ಕೂತು ಊದಲು ಅತ್ತೆಯ ಬಾಯೇನು ಪಂಪ್‌ಸೆಟ್ಟೇ? ನಾನು ಒಳಗಿನಿಂದಲೇ, ಒಲೆಯನ್ನೇ ಆರಿಸಿ ಸೋಲಾರ್ ಹಾಕಿಸಿ ಎಂದೆ. ತುರುವೇಕೆರೆಯಲ್ಲಿ ಎಷ್ಟೋ ಮನೆಗಳ ಮೇಲೆ ನೋಡಿದ್ದೆ. ಭಾವನವರು ನನ್ನತ್ತ ತಿರುಗಿ, ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ, "ಡಾಕ್ಟ್ರು ಹೇಳ್ತಾರೆ ಕಣಮ್ಮ. ಅವರ ಮನೇಲಿ ಕೊಬ್ರಿ ಐತಾ? ಒಲೆ ಹೊಗೆ ನಿಂತ್ರೆ ಅಟ್ಟದ ಮೇಲಿರೋ ಕಾಯೆಲ್ಲ ಕೊಳ್ತೋಗ್ತವೆ. ಹೊಗೆ ಕುಡುದ್ರೇನೇ ಗಿಟುಕ ಗಟ್ಟಿಯಾಗೋದು" ಎಂದರು.

"ತೋಟದ ಮನೆ ಅಟ್ಟಕ್ಕೆ ಯಾರು ಹೊಗೆ ಹಾಕ್ತಾರೆ ಭಾವ?" ಎಂದೆ. ತೋಟದಲ್ಲಿ ನಮ್ಮದೇ ಇನ್ನೊಂದು ಮನೆ ಇದೆ, ಅದರಲ್ಲೂ ಅಟ್ಟ ಇದೆ, ಅದರ ತುಂಬ ಕಾಯಿ. ಅಲ್ಲಿ ಒಲೆಯೇ ಇಲ್ಲ. ಅಲ್ಲಿನ ಕೊಬ್ಬರಿಯೂ ಇಲ್ಲಿನ ಕೊಬ್ಬರಿಯೂ ಒಂದೇ ಚೀಲಕ್ಕೆ ಬಿದ್ದು ಒಂದೇ ಗಾಡಿಯಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಇವರು ಹುಟ್ಟಿದಾಗಿನಿಂದ ಹೋಗುತ್ತಿದೆ.

ಭಾವನವರು "ಅದು ಬೇರೆ, ಇದು ಬೇರೆ," ಎಂದರು.

"ಏನು ಬೇರೆ?"

"ಅದು ತೋಟ. ಇದು ಮನೆ."

ನಮ್ಮ ಯಜಮಾನರು ಅಣ್ಣ ಗೆದ್ದನೆಂದು ತಲೆಯಾಡಿಸಿದರು. ಅಲ್ಲಿಗೆ ಕೊಬ್ಬರಿ ಕ್ಷೇಮವಾಗಿ ಉಳಿಯಿತು, ಅವರ ತಾಯಿ ಮಾರನೆಯ ಬೆಳಿಗ್ಗೆ ಮತ್ತೆ ಒಲೆಯ ಮುಂದೆ ಕೂತರು. ಅತ್ತೆಯನ್ನು ಕೂರಿಸಲು ಇವರಿಗೆ ಒಂದು ಉಪಾಯವೂ ಗೊತ್ತಿತ್ತು. ನೆಂಟರ ಮುಂದೆ, "ನಮ್ಮಮ್ಮ ಕಾಯ್ಸಿದ ನೀರಿನ ಹದ ಬೇರೆ ಯಾರ ಕೈಗೂ ಬರಲ್ಲ ಕಣ್ರೀ" ಎನ್ನುತ್ತಿದ್ದರು. ಅಷ್ಟಕ್ಕೇ ಆ ಮುದುಕಿ ಉಬ್ಬಿಹೋಗಿ, ಕೆಮ್ಮುತ್ತಲೇ ಇನ್ನೆರಡು ಮಟ್ಟೆ ಒಲೆಗೆ ನೂಕುತ್ತಿದ್ದರು. ಹೊಗಳಿ ದುಡಿಸಿಕೊಳ್ಳುವುದರಲ್ಲಿ ನಮ್ಮ ಮನೆಯ ಗಂಡಸರನ್ನು ಮೀರಿಸುವವರಿಲ್ಲ. ಆ ಒಂದು ವಿದ್ಯೆ ಅವರಿಗೆ ಯಾವ ಪಂಚಾಂಗದ ಸಹಾಯವೂ ಇಲ್ಲದೆ ಒಲಿದಿದೆ.

ನಾನು ಕೂರುತ್ತೇನೆ ಎಂದರೆ ಅತ್ತೆ ಬಿಡುತ್ತಿರಲಿಲ್ಲ. "ನಿಂಗೆ ಹದ ಗೊತ್ತಾಗಲ್ಲ ಬುಡು" ಎಂದು ನನ್ನನ್ನು ಎಬ್ಬಿಸುತ್ತಿದ್ದರು. ಹೊಗೆ ಕುಡಿಯುವುದಕ್ಕೂ ಇಷ್ಟೊಂದು ಜಂಬ ಇರಬಹುದೆಂದು ನಾನು ಅವರಿಂದಲೇ ಕಲಿತದ್ದು.

ಕೊನೆಗೆ ಸೋಲಾರ್ ಬಂತು. ತಾಯಿಯ ಕೆಮ್ಮು ತರಲಿಲ್ಲ, ಡಾಕ್ಟರ ಮಾತು ತರಲಿಲ್ಲ, ನನ್ನ ಜೋರು ಬಾಯಿಯಂತೂ ತರಲೇ ಇಲ್ಲ. ತಂದದ್ದು ನನ್ನ ತಂಗಿಯ ಗಂಡನ ಒಂದು ನಗು. ಅವನು ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಒಂದು ಸಲ ನಮ್ಮಲ್ಲಿ ಉಳಿದುಕೊಂಡು ಬೆಳಿಗ್ಗೆ ಸ್ನಾನ ಮಾಡಿ ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದವನು, "ಏನಣ್ಣಾ, ಇನ್ನೂ ಹಂಡೆ ಕಾಲದಲ್ಲೇ ಇದ್ದೀರಲ್ಲ! ನಮ್ಮನೇಲಿ ನಲ್ಲಿ ತಿರುಗ್ಸಿದ್ರೆ ಕೈ ಸುಡೋ ನೀರು" ಎಂದು ನಕ್ಕ. ನಮ್ಮ ಯಜಮಾನರ ಮುಖ ಸಣ್ಣದಾಯಿತು. ಹೆತ್ತವಳು ಉಸಿರಿಗೆ ಒದ್ದಾಡಿದಾಗ ಆಗದ ಸಂಕಟ ಷಡ್ಡಕ ಹಲ್ಲು ಕಿರಿದಾಗ ಆಯಿತು. ಅದೇ ವಾರ ತಿಪಟೂರಿಗೆ ಹೋಗಿ ಸೋಲಾರ್ ನೀರಿನ ಯಂತ್ರಕ್ಕೆ ಹೇಳಿ ಬಂದರು. ನಾನು ಕಾರಣ ಕೇಳಲಿಲ್ಲ. ಬಂದರೆ ಸಾಕಾಗಿತ್ತು.

ಅದನ್ನು ಕೂರಿಸಲು ಬಂದವನು ತಾರಸಿಯ ಮೇಲೆ ಓಡಾಡಿ, ತೆಂಗಿನ ಮರಗಳ ನೆರಳು ಎಲ್ಲೆಲ್ಲಿ ಬೀಳುತ್ತದೆಂದು ನೋಡಿ ಒಂದು ಮೂಲೆ ಆರಿಸಿದ. ಮೇಲೆ ತೊಟ್ಟಿ, ಅದರಿಂದ ಇಳಿಜಾರಾಗಿ ಸಾಲು ಸಾಲು ಕಪ್ಪು ಗಾಜಿನ ಕೊಳವೆಗಳು. ಕೊಳವೆಯೊಳಗಿನ ನೀರು ಬಿಸಿಲಿಗೆ ಕಾದು ತೊಟ್ಟಿಗೆ ಏರುತ್ತದೆ, ಅಲ್ಲಿಂದ ಬಚ್ಚಲ ನಲ್ಲಿಗೆ ಇಳಿಯುತ್ತದೆ, ಅಷ್ಟೇ. ಗಾಜು ದಕ್ಷಿಣಕ್ಕೆ ಮುಖ ಮಾಡಬೇಕು ಎಂದ ಕೂಡಲೇ ಭಾವನವರು ಮೆಟ್ಟಿಲು ಹತ್ತಿ ಓಡಿ ಬಂದರು. "ದಕ್ಷಿಣ ಯಮನ ದಿಕ್ಕು ಕಣಪ್ಪ. ಮೂಡಲಿಗೆ ತಿರುಗ್ಸು" ಎಂದು ಹಟ ಹಿಡಿದರು. ನನ್ನ ಸಹನೆ ಕಿತ್ತು ಹೋಯಿತು. ಯಮ ದಕ್ಷಿಣದಲ್ಲಿಲ್ಲ, ನಮ್ಮ ಬಚ್ಚಲಲ್ಲೇ ಕೂತು ಎಷ್ಟೋ ವರ್ಷವಾಯಿತು, ಅವನನ್ನು ಓಡಿಸುವುದಕ್ಕೇ ಇದನ್ನು ತಂದದ್ದು ಎಂದೆ. ಬಂದವನು ನಗು ತಡೆದುಕೊಂಡು ದಕ್ಷಿಣಕ್ಕೇ ಕೂರಿಸಿದ. ಹೋಗುವಾಗ, ಕೊಳವೆಗಳಿಗೆ ನೀವಾಗಿ ಕೈ ಹಾಕಬೇಡಿ, ಏನಾದರೂ ಇದ್ದರೆ ಫೋನ್ ಮಾಡಿ ಎಂದು ಹೇಳಿದ. ಆ ಹೊತ್ತಿಗೆ ನಮ್ಮ ಯಜಮಾನರು ತೊಟ್ಟಿಯ ಪಕ್ಕದಲ್ಲಿ ನಿಂತು ಷಡ್ಡಕನಿಗೆ ಕಳಿಸಲು ಫೋಟೋ ತೆಗೆದುಕೊಳ್ಳುತ್ತಿದ್ದರು. ಭಾವನವರು ದಿಕ್ಕಿನ ಸಿಟ್ಟಿನಲ್ಲಿ ಕೆಳಗಿಳಿದು ಹೋಗಿದ್ದರು.

ಮಾರನೆಯ ಬೆಳಿಗ್ಗೆ ನಾನು ಅತ್ತೆಯ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದೆ. ಮೊದಲು ತಣ್ಣೀರು ಬಂತು, ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಬಿಸಿ ಬಂತು, ಹಬೆಯೆದ್ದಿತು, ಅವರು ಬೆರಳು ಒಡ್ಡಿ ಚುರ್ರೆಂದು ಹಿಂದಕ್ಕೆಳೆದರು.

"ಬೆಂಕಿ ಇಲ್ದೆ ಹೆಂಗೇ ಕಾದ್ತು ಇದು?" ಎಂದರು.

"ನಿನ್ನೆ ಬಿಸ್ಲು ಅತ್ತೆ. ನೀವೆಲ್ಲ ಬೈಕೊಂಡು ಓಡಾಡಿದ್ರಲ್ಲ, ಅದೇ."

ಆ ದಿನ ಅವರು ಮಿಂದಷ್ಟು ಹೊತ್ತು ಅವರು ಎಂದೂ ಮೀಯುವುದನ್ನು ನಾನು ಕಂಡಿರಲಿಲ್ಲ. ಚೊಂಬಿನ ಮೇಲೆ ಚೊಂಬು ಹುಯ್ದುಕೊಂಡರು. ಮೊದಲೆಲ್ಲ ಎಲ್ಲರಿಗೂ ನೀರು ಕಾಯಿಸಿ ಕೊನೆಗೆ ಹಂಡೆಯ ತಳದಲ್ಲಿ ಉಳಿದದ್ದರಲ್ಲಿ ಅವರ ಸ್ನಾನ ಮುಗಿಯುತ್ತಿತ್ತು. ಅಂದಿನಿಂದ ಮೊದಲ ನೀರು ಅವರದ್ದೇ ಆಯಿತು. ಈ ಮನೆಯಲ್ಲಿ ಆ ಪದ್ಧತಿ ತಂದವಳು ನಾನು, ಅದಕ್ಕೆ ನನಗೆ ಹೆಮ್ಮೆಯಿದೆ.

ಸೋಲಾರಿನಿಂದ ಏನು ಲಾಭ ಎಂದು ನಮ್ಮೂರಿನ ಹೆಂಗಸರು ನನ್ನನ್ನು ಕೇಳುತ್ತಿದ್ದರು. ಬೂದಿ ಸಿಗುವುದಿಲ್ಲವಲ್ಲ, ಪಾತ್ರೆ ಯಾವುದರಲ್ಲಿ ಉಜ್ಜುತ್ತೀರಿ ಎಂದು ಮರುಕಪಡುತ್ತಿದ್ದರು. ಇವರೆಲ್ಲ ಸೋಪಿನ ಪುಡಿ ಹಾಕಿ ಉಜ್ಜುವುದನ್ನು ನಾನು ಕಂಡಿದ್ದೇನೆ, ಆದರೂ ಬೂದಿಗಾಗಿ ಅಳುತ್ತಿದ್ದರು. ನಾನು ಹೇಳುತ್ತಿದ್ದುದು ಇಷ್ಟು. ಕರೆಂಟು ಹೋದರೂ ನೀರು ಬಿಸಿ ಇರುತ್ತದೆ, ನಮ್ಮಲ್ಲಿ ಅದು ಬಂದಿರುವುದಕ್ಕಿಂತ ಹೋಗಿರುವುದೇ ಹೆಚ್ಚು. ತೋಟದಿಂದ ಸಂಜೆ ಬಂದು ಕೈಕಾಲಿಗೆ ಬಿಸಿನೀರು ಹಾಕಿಕೊಳ್ಳಲು ಯಾರನ್ನೂ ಒಲೆಯ ಮುಂದೆ ಕೂರಿಸಬೇಕಾಗಿಲ್ಲ. ಹಬ್ಬದ ಎಣ್ಣೆ ಜಿಡ್ಡಿನ ಪಾತ್ರೆ ಒಂದೇ ಉಜ್ಜಿಗೆ ಬಿಡುತ್ತದೆ. ಬಚ್ಚಲ ಗೋಡೆಗೆ ಬಳಿದ ಸುಣ್ಣ ತಿಂಗಳುಗಳಾದರೂ ಬೆಳ್ಳಗಿದೆ. ಉಳಿದ ಮಟ್ಟೆಯನ್ನು ಮರದ ಬುಡಕ್ಕೆ ಹರಡಿದರೆ ಬೇಸಿಗೆಯಲ್ಲಿ ಪಾತಿ ತಂಪಾಗಿರುತ್ತದೆ. ಮೋಡ ಕವಿದು ಸೋನೆ ಹಿಡಿದ ದಿನಗಳಲ್ಲಿ ನೀರು ಉಗುರುಬೆಚ್ಚಗಷ್ಟೇ ಬರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆಗ ಒಂದು ಪಾತ್ರೆ ಗ್ಯಾಸಿನ ಮೇಲಿಟ್ಟು ಬೆರೆಸಿಕೊಳ್ಳುತ್ತೇವೆ. ಭಾವನವರಿಗೆ ಮಾತ್ರ ಅಂಥ ದಿನಗಳೆಂದರೆ ಹಿಗ್ಗು. ಮೋಡ ಕಂಡ ಕೂಡಲೇ ಚೊಂಬಿಗೆ ಬೆರಳು ಅದ್ದಿ, "ನೋಡ್ದಾ, ನಾನ್ ಹೇಳ್ಲಿಲ್ವಾ?" ಎನ್ನುತ್ತಿದ್ದರು.

ಆದರೆ ಇವೆಲ್ಲ ಸಣ್ಣಪುಟ್ಟ ಲಾಭ. ದೊಡ್ಡದು ಯಾವುದೆಂದರೆ, ಗೌರಿ ಹಬ್ಬದ ಹೊತ್ತಿಗೆ ಅತ್ತೆ ಎದುರುಮನೆಯವರೆಗೆ ಮಾತಾಡಿಕೊಂಡೇ ನಡೆದು ಹೋಗಿ ಬಂದರು. ಕಂಬ ಹಿಡಿಯಲಿಲ್ಲ, ನಡುವೆ ನಿಲ್ಲಲಿಲ್ಲ. ಬಂದವರೇ ನನ್ನ ಕಡುಬಿನ ಹಿಟ್ಟು ಗಟ್ಟಿಯಾಯಿತೆಂದು ಪೂರ್ತಿ ಬೈದರು. ಎಷ್ಟೋ ವರ್ಷಗಳ ಮೇಲೆ ಅವರ ಒಂದು ಬೈಗುಳ ಅರ್ಧಕ್ಕೆ ನಿಲ್ಲದೆ ಕೊನೆ ಮುಟ್ಟಿದ್ದು ಅಂದು. ನಾನು ಹಿಟ್ಟು ನಾದುವುದು ಬಿಟ್ಟು ಕೇಳಿಸಿಕೊಂಡೆ. ಕಣ್ಣಲ್ಲಿ ನೀರು ಬಂತು.

ಅಟ್ಟದ ಕೊಬ್ಬರಿಯೂ ಆ ವೇಳೆಗೆ ಇಳಿಯಿತು. ಭಾವನವರು ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಡೆದು, ಮೂಸಿ, ಕೊಳೆ ಹುಡುಕಿದರು. ಸಿಗಲಿಲ್ಲ. ಅಷ್ಟು ತಿಂಗಳು ಹೊಗೆಯಿಲ್ಲದೆಯೂ ಬೆಳ್ಳಗೆ ಗಟ್ಟಿಯಾಗಿತ್ತು. "ಈ ವರ್ಷದ ಕಾಯೇ ಚೆನ್ನಾಗಿತ್ತು ಬುಡು" ಎಂದು ಚೀಲಕ್ಕೆ ಹಾಕಿದರು.

ಇಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ದೀಪಾವಳಿ ಬಂತು. ಅದರ ಮೊದಲ ಸಂಜೆ ನೀರು ತುಂಬುವ ಹಬ್ಬ. ಹಂಡೆಯ ಹಳೆಯ ನೀರನ್ನು ತೊಟ್ಟೂ ಉಳಿಯದಂತೆ ಚೆಲ್ಲಿ, ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಮಾರನೆಯ ಬೆಳಗಿನ ಎಣ್ಣೆ ಸ್ನಾನ ಆ ನೀರಿನಲ್ಲೇ ಆಗಬೇಕು. ಚೆಂದದ ಹಬ್ಬ, ನನಗೂ ಇಷ್ಟ.

ಭಾವನವರಿಗೆ ಅಂದು ಒಂದು ಧರ್ಮಸೂಕ್ಷ್ಮ ಹೊಳೆಯಿತು. "ಈಗ ನಾವು ಮೀಯೋದು ಮೇಲಿರೋ ತೊಟ್ಟಿ ನೀರಲ್ಲಿ. ಅಂದ್ರೆ ನಮ್ಮನೆ ಹಂಡೆ ಈಗ ಅದೇ ತಾನೆ? ಅದನ್ನ ತೊಳೀದೆ ಇದನ್ನ ತೊಳುದ್ರೆ ಏನ್ ಬಂತು?" ಎಂದರು. ನಮ್ಮ ಯಜಮಾನರಿಗೆ ಇದು ಬಹಳ ಹಿಡಿಸಿತು. ಅಣ್ಣ ತಮ್ಮ ಇಬ್ಬರೂ ಬೆಳಿಗ್ಗೆಯೇ ಹುಣಸೆಹಣ್ಣಿನ ಬಟ್ಟಲು ಹಿಡಿದು ತಾರಸಿ ಹತ್ತಿದರು. ನಾನು ಕಜ್ಜಾಯದ ಪಾಕದ ಮುಂದೆ ಇದ್ದೆ. ಮೇಲೆ ಏನೋ ಭಕ್ತಿಯಿಂದ ಒರೆಸುತ್ತಿದ್ದಾರೆ ಎಂದುಕೊಂಡೆ, ಒಂದು ಬಳ್ಳಿ ಸುತ್ತಿ ಇಳಿದು ಬಂದಾರು ಎಂದುಕೊಂಡೆ. ಇವರನ್ನು ಇಷ್ಟು ವರ್ಷ ಕಂಡವಳು ನಾನು ಹಾಗೆ ಅಂದುಕೊಂಡದ್ದಾದರೂ ಹೇಗೆ?

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, ಗಾಜಿನ ಕೊಳವೆಗಳನ್ನೆಲ್ಲ ಕಿತ್ತು, ಒಳಗಿನ ನೀರು ಚೆಲ್ಲಿ, ಕಬ್ಬಿನ ಜಲ್ಲೆಗಳಂತೆ ಗೋಡೆಗೆ ಒರಗಿಸಿಟ್ಟಿದ್ದಾರೆ. ಬೋರಿನ ಗಡುಸು ನೀರಿಗೆ ಒಳಗೆ ಬೆಳ್ಳಗೆ ಕರೆಗಟ್ಟಿತ್ತು, ಅದನ್ನು ಕೋಲಿಗೆ ಬಟ್ಟೆ ಸುತ್ತಿ ಹುಣಸೆಹಣ್ಣಿನಲ್ಲಿ ತಿಕ್ಕಿದ್ದಾರೆ. ಈಗ ಬಿಸಿಲಿಗೆ ಒಣಗಲು ಬಿಟ್ಟಿದ್ದಾರೆ. ಮಳೆ ಹೋಗಿ ಬಿಚ್ಚಿಕೊಂಡ ಬಿಸಿಲು, ಕಣ್ಣು ಕುಕ್ಕುತ್ತಿತ್ತು.

"ಕೈ ಹಾಕಬ್ಯಾಡಿ ಅಂತ ಅವನು ಹೇಳಿ ಹೋಗಿದ್ನಲ್ಲ!" ಎಂದು ಕಿರುಚಿದೆ.

"ಏನೂ ಆಗಿಲ್ಲ ಕಣಮ್ಮ, ಮುಟ್ಟಿ ನೋಡು, ತಣ್ಣಗೈತೆ" ಎಂದರು ಭಾವನವರು. ಮುಟ್ಟಿದೆ. ತಣ್ಣಗೇ ಇತ್ತು. ಆ ಗಾಜು ಎರಡು ಪದರದ್ದು, ಹೊರಗೆ ಮುಟ್ಟಿದರೆ ತಂಪು, ಒಳಗೆ ಮಾತ್ರ ಬಿಸಿಲನ್ನೆಲ್ಲ ಹಿಡಿದುಕೊಂಡು ಬಾಣಲೆಯಂತೆ ಕಾದಿರುತ್ತದೆ ಎಂದು ನನಗೂ ಆಗ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಕಿತ್ತು ತೊಳೆಯಬಾರದು ಎಂಬಷ್ಟು ನನಗೆ ಗೊತ್ತಿತ್ತು.

ಸಂಜೆ ಇಳಿಯುವ ಮುಂಚೆ, ಇನ್ನೂ ಬಿಸಿಲಿರುವಾಗಲೇ ಮುಹೂರ್ತ ಎಂದು ಭಾವನವರು ಪಂಚಾಂಗದಿಂದ ತೆಗೆದರು. ಕೊಳವೆಗಳನ್ನು ಮತ್ತೆ ಸಿಕ್ಕಿಸಿದರು. ತೊಟ್ಟಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದರು, ಹಾಗಲಬಳ್ಳಿ ಸುತ್ತಿದರು, ಕುಂಕುಮ ಇಟ್ಟರು. ಅಕ್ಕಪಕ್ಕದ ತಾರಸಿಗಳಿಂದ ಜನ ನೋಡುತ್ತಿದ್ದರು. ಭಾವನವರು ಕರ್ಪೂರ ಹಚ್ಚಿದ ತಟ್ಟೆ ಹಿಡಿದು, "ಹೂಂ, ಬುಡ್ಲಾ ಗಂಗಮ್ಮನ್ನ" ಎಂದು ತಮ್ಮನಿಗೆ ಅಪ್ಪಣೆ ಕೊಟ್ಟರು. ನಮ್ಮ ಯಜಮಾನರು ಬೋರಿನ ತಣ್ಣೀರಿನ ಗೇಟ್‌ವಾಲ್ವು ತಿರುಗಿಸಿದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಪ್ ಎಂದಿತು. ಮತ್ತೊಂದು ಟಪ್. ಆಮೇಲೆ ಸಾಲಾಗಿ, ಪಟಾಕಿ ಸರಕ್ಕೆ ಬೆಂಕಿ ತಾಗಿದಂತೆ ಟಪಟಪ ಒಡೆದವು. ಗಾಜಿನ ಚೂರು, ಕೆಮ್ಮಣ್ಣು, ಹಾಗಲ ಹೂವು ಎಲ್ಲ ಸೇರಿಸಿಕೊಂಡು ಗಂಗಮ್ಮ ತಾರಸಿಯಿಂದ ಮೆಟ್ಟಿಲಿಳಿದು ನನ್ನ ರಂಗೋಲಿಯ ಮೇಲೆ ಹರಿದು ಬೀದಿಗೆ ಹೋದಳು. ಭಾವನವರು ತಟ್ಟೆ ಹಿಡಿದು ನಿಂತೇ ಇದ್ದರು. ಕರ್ಪೂರ ಮಾತ್ರ ಉರಿಯುತ್ತಿತ್ತು.

"ಕಂಪ್ನಿ ಮಾಲೇ ಸರಿ ಇಲ್ಲ," ಎಂದರು ನಮ್ಮ ಯಜಮಾನರು.

"ದಿಕ್ಕು ಸರಿ ಇಲ್ಲ ಅಂತ ನಾನ್ ಆವತ್ತೇ ಹೇಳ್ದೆ," ಎಂದರು ಭಾವನವರು.

ತಮ್ಮ ಕೈ ಸರಿ ಇಲ್ಲ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನೋಡಲು ಬಂದವರು, ನಮ್ಮ ಹಂಡೆಯೇ ವಾಸಿ ಕಣ್ರೀ, ಇವೆಲ್ಲ ಪೇಟೆಯವರಿಗೆ ಎಂದು ಸಮಾಧಾನ ಹೇಳಿ ಹೋದರು. ಕತ್ತಲಾಗುವಷ್ಟರಲ್ಲಿ ತೀರ್ಮಾನವಾಗಿಬಿಟ್ಟಿತ್ತು: ಸೋಲಾರು ನಮ್ಮ ಮನೆಗೆ ಆಗಿಬರುವುದಿಲ್ಲ, ಮತ್ತೆ ಹೊಸ ಗಾಜು ಹಾಕಿಸುವುದು ಬೇಡ, ಒಲೆಯೇ ಸಾಕು. ಅತ್ತೆ ನಡುಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಡಾಕ್ಟರು ಹೇಳಿದ್ದು ನನಗೆ ಮರೆತಿರಲಿಲ್ಲ. ಅರ್ಧ ವರ್ಷದಲ್ಲಿ ಗಳಿಸಿಕೊಂಡ ಉಸಿರನ್ನು ಈ ಇಬ್ಬರು ಅವರಿಂದ ಮತ್ತೆ ಕಿತ್ತುಕೊಳ್ಳುತ್ತಾರೆ, ಈ ಸಲ ಕಿತ್ತುಕೊಂಡರೆ ಅದು ತಿರುಗಿ ಬರುವುದಿಲ್ಲ.

ಬೆಳಗಾಯಿತು. ಅಣ್ಣತಮ್ಮಂದಿರು ಮೈತುಂಬ ಎಣ್ಣೆ ಬಳಿದುಕೊಂಡು ಕೂತರು. ಗ್ಯಾಸಿನ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರೆ ಕಾಯಿಸಿ ಕೊಡುತ್ತೇನೆ ಎಂದೆ. "ಎಣ್ಣೆ ನೀರಿಗೆ ಅದೆಲ್ಲಿ ಸಾಲ್ತದೆ? ಹಂಡೆ ನೀರೇ ಬೇಕು" ಎಂದು ಇಬ್ಬರೂ ಬಚ್ಚಲಿಗೆ ಹೋಗಿ ಒಲೆ ಹಚ್ಚಲು ಕೂತರು. ತಿಂಗಳುಗಟ್ಟಲೆ ಹೊರಗೆ ಬಿದ್ದ ಮಟ್ಟೆ ಹಸಿಯಾಗಿತ್ತು. ಎಣ್ಣೆ ಕೈಗೆ ಬೆಂಕಿಕಡ್ಡಿ ನಿಲ್ಲುತ್ತಿರಲಿಲ್ಲ. ಹೊಗೆ ಮಾತ್ರ ಬಚ್ಚಲು ತುಂಬಿ ನಡುಮನೆಗೆ ನುಗ್ಗಿತು. ಇಷ್ಟು ವರ್ಷ ಆ ಹೊಗೆಯನ್ನು ಕೊಬ್ಬರಿಯ ಲೆಕ್ಕದಲ್ಲಿ ಕಂಡವರು ಈಗ ಕಣ್ಣು ಮೂಗು ಸುರಿಸಿಕೊಂಡು ಬಾಗಿಲಿಗೆ ಬಂದರು.

"ಅಮ್ಮಾ," ಎಂದು ಭಾವನವರು ಕೂಗಿದರು. ದನಿ ಎಷ್ಟು ನಯವಾಗಿತ್ತೆಂದರೆ ನನ್ನ ಮೈ ಉರಿಯಿತು. "ನಿನ್ನ ಕೈಗೆ ಬುಟ್ರೆ ಬೇರೆ ಯಾರ ಕೈಗೂ ಹತ್ತಲ್ಲಮ್ಮ ಇದು. ಹಬ್ಬದ ದಿನ, ನೀನೇ ಒಂದ್ಸಲ ಬಂದು ಹಚ್ಚು."

ಅತ್ತೆ ಮಂಡಿಗೆ ಕೈಯೂರಿ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಬ್ಯಾಡಿ ಅತ್ತೆ, ನಿಮ್ಮ ದಮ್ಮಯ್ಯ" ಎಂದೆ. ಅವರು ನನ್ನ ಮುಖ ನೋಡಲಿಲ್ಲ. "ದಾರಿ ಬುಡು" ಎಂದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊಗೆಯೊಳಗೆ ಹೋದರು. ಅವರ ಗಂಡುಮಕ್ಕಳಿಬ್ಬರೂ ಸರಿದು ಜಾಗ ಮಾಡಿಕೊಟ್ಟರು, ನಮ್ಮ ಯಜಮಾನರು ಕೂರಲು ಮಣೆಯನ್ನೂ ನೂಕಿದರು.

ಅತ್ತೆ ಕೂರಲಿಲ್ಲ. ನಿಂತೇ ಗೋಡೆಯ ಗೂಡಿಗೆ ಕೈಹಾಕಿ ಕಬ್ಬಿಣದ ಊದುಗೊಳವೆ ತೆಗೆದುಕೊಂಡರು. ಅದರ ತುದಿಯನ್ನು ಸೆರಗಿನಲ್ಲಿ ಒರೆಸಿ ಭಾವನವರ ಮುಂದೆ ಹಿಡಿದರು.

"ಊದು" ಎಂದರು.

"ನಾನಾ?"

"ಹೂಂ ಕಣಪ್ಪ, ನೀನೇ. ನನ್ನ ಉಸ್ರು ನಂಗೆ ಬೇಕು."

ಅಷ್ಟು ಹೇಳಿ, ಎಲ್ಲೂ ನಿಲ್ಲದೆ, ಯಾವುದನ್ನೂ ಹಿಡಿಯದೆ, ನೆಟ್ಟಗೆ ನಡೆದು ಅಂಗಳದ ಬಿಸಿಲಿಗೆ ಹೋಗಿ ಕೂತರು.